ಶುಕ್ರವಾರ ತೆಗೆಯಬೇಕಿದ್ದ ಫೋಟೊ

ಆ ಭಾನುವಾರ ಕೊಟ್ಟೂರಿನಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಕರೆಂಟ್ ಇಲ್ಲದೆ ಸುತ್ತಬಹುದು, ಓಡಿಸಿ ನೋಡಿ ಕೊಡಲಾಗುವುದಿಲ್ಲ. ಹಾಗಾಗಿ ಅಂಗಡಿಗೆ ತಡವಾಗಿ ಹೋದರಾಯಿತು ಎಂದು ಮನೆಯಲ್ಲೇ ಇದ್ದೆ. ನನ್ನ ಹೆಂಡತಿ ಹಿತ್ತಲಲ್ಲಿ ಮುಖ ತೊಳೆದು, ಹಳೇ ಧೋತರದ ಮೆತ್ತನೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆದು, ತಲೆಬಾಗಿಲ ಹೊಸ್ತಿಲ ಮೇಲೆ ಬಂದು ಕೂತಳು. ಮುಖ ಉಜ್ಜಬಾರದು, ಒತ್ತಬೇಕು ಎಂದು ಡಾಕ್ಟರು ಹೇಳಿದ್ದರು. ಹೊಸ್ತಿಲ ಮೇಲೆ ಕೂರಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ಹೆಂಡತಿ ಡಾಕ್ಟರ ಮಾತು ಕೇಳುತ್ತಿದ್ದಳು, ಅವ್ವನ ಈ ಒಂದು ಮಾತು ಮಾತ್ರ ಕೇಳುತ್ತಿರಲಿಲ್ಲ. ಮನೆಯಲ್ಲಿ ಒಳ್ಳೆ ಬೆಳಕು ಬೀಳುತ್ತಿದ್ದದ್ದು ಅಲ್ಲಿಯೇ.

ಬೆಳಕಿಗೆ ಕೆನ್ನೆ ತಿರುಗಿಸಿ, ನೋಡ್ರಿ ಎಂದಳು. ಇದು ದಿನಾ ನಡೆಯುತ್ತಿದ್ದ ಕೆಲಸ. ನಾನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡುತ್ತಿದ್ದೆ. ತಂತಿಯ ಮೇಲಿನ ಎನಾಮಲ್ ಲೇಪ ಎಲ್ಲಿ ಕಿತ್ತಿದೆ ಎಂದು ಬೆರಳಿನಲ್ಲೇ ತಿಳಿಯಬೇಕಾದ ಕಸುಬು ನನ್ನದು. ಚರ್ಮದ ಕೆಳಗೆ ಗುಳ್ಳೆ ಏಳುವ ಮುಂಚೆ ಅಲ್ಲಿ ಸಣ್ಣದಾಗಿ ಗಟ್ಟಿಯಾಗುತ್ತದೆ. ಅದು ನನಗೆ ಅವಳಿಗಿಂತ ಮೊದಲು ಗೊತ್ತಾಗುತ್ತಿತ್ತು.

"ಹೊಸಾದು ಏನೂ ಇಲ್ಲ" ಅಂದೆ.

"ಖರೇ ಹೇಳ್ರಿ."

"ಖರೇನ. ಹಳೇವು ಮಾತ್ರ ಬಾಡಿಗಿ ಮನಿ ಮಾಡಿಕೆಂಡು ಕುಂತಾವು."

"ಬಾಡಿಗಿ ಎಲ್ಲಿ ಕೊಡ್ತಾವ್ರಿ, ಪುಕ್ಕಟೆ ಅದಾವು" ಎಂದು ನಕ್ಕಳು.

ಹಳೆಯವು ಅಂದರೆ ಕುಳಿಗಳು. ಎಡಗೆನ್ನೆಯಲ್ಲಿ ಕಿವಿಯ ಕಡೆಗೆ ಒತ್ತೊತ್ತಾಗಿದ್ದವು, ಜೋಳದ ಕಾಳು ಒತ್ತಿ ತೆಗೆದ ಹಾಗೆ. ಬಲಗಡೆ ಕಡಿಮೆ. ಗದ್ದದ ಅಂಚಿನಲ್ಲಿ ಒಂದು ಉದ್ದನೆಯದು ಇತ್ತು, ನಕ್ಕಾಗ ಅದು ಮಡಿಕೆಯಲ್ಲಿ ಸೇರಿ ಕಾಣದಂತಾಗುತ್ತಿತ್ತು. ಮೊಡವೆಗೆ ತಿನ್ನುತ್ತಿದ್ದ ಗುಳಿಗೆ ನಿಲ್ಲಿಸಿ ಆಗಲೇ ಕೆಲವು ವಾರವಾಗಿತ್ತು. ಬರುವ ಶುಕ್ರವಾರ ಹರಪನಹಳ್ಳಿಗೆ ಹೋಗಿ ಚರ್ಮದ ಡಾಕ್ಟರನ್ನು ಕಾಣಬೇಕಿತ್ತು. ಮೊದಲ ದಿನ ತೆಗೆದ ಫೋಟೊದ ಜೊತೆ ಹೋಲಿಸಲು ಅವರು ಅಂದು ಇನ್ನೊಂದು ಫೋಟೊ ತೆಗೆಯುವವರಿದ್ದರು.

"ಈ ಸಲ ಕಣ್ಣು ಮುಚ್ಚಂಗಿಲ್ಲ ನಾನು" ಅಂದಳು. "ಪೂರಾ ಮಾರಿ ತಗೀರಿ ಅಂತೀನಿ ಡಾಕ್ಟ್ರಿಗೆ."

ಮಾರಿ ಅಂದರೆ ನಮ್ಮ ಕಡೆ ಮುಖ. ನಾನು ಹೂಂ ಅಂದು, ರೊಟ್ಟಿ ತಿಂದು, ಅಂಗಡಿಗೆ ಹೋದೆ. ಅಷ್ಟೇ ಆ ದಿನ.

ಅವಳು ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಶಿಕ್ಷಕಿ. ಮರುದಿನ ಕೂಡ್ಲಿಗಿಯಲ್ಲಿ ಮೀಟಿಂಗ್ ಇತ್ತು. ಮುಗಿಸಿಕೊಂಡು ಇನ್ನೊಬ್ಬ ಶಿಕ್ಷಕಿಯ ಸ್ಕೂಟಿಯ ಹಿಂದೆ ಕೂತು ಬರುತ್ತಿದ್ದಾಗ, ಮೆಕ್ಕೆಜೋಳದ ಚೀಲ ಹೇರಿದ್ದ ಟ್ರ್ಯಾಕ್ಟರ್ ಒಂದು ರಸ್ತೆಗೆ ಅಡ್ಡ ತಿರುಗಿತು. ಸ್ಕೂಟಿ ಓಡಿಸುತ್ತಿದ್ದವರ ಕೈ ಮುರಿಯಿತು. ಇವಳ ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಬಟ್ಟೆ ಸರಿಸಿ ತೋರಿಸಿದಾಗ ನಾನು ಎಡಗೆನ್ನೆಯ ಮೇಲೆ ಹೆಬ್ಬೆರಳು ಇಟ್ಟೆ.

ಕಾರ್ಯಕ್ಕೆ ಒಂದು ಫೋಟೊ ಬೇಕಾಯಿತು. ಕಾರ್ಯದ ದಿನ ಮಣೆಯ ಮೇಲಿಟ್ಟು ಹಾರ ಹಾಕಿ, ಆಮೇಲೆ ಗೋಡೆಗೆ ಹಾಕುವುದು. ನಾನು ಯಾವುದರಲ್ಲೂ ಇರಲಿಲ್ಲ. ಅವ್ವನೇ ಯಾರ ಕೈಲೋ ಹೇಳಿಸಿ, ಮದುವೆ ಆಲ್ಬಮ್‌ನ ಒಂದು ಫೋಟೊವನ್ನು ಸ್ಟುಡಿಯೋಗೆ ಕಳಿಸಿದ್ದಳು. ಕಾರ್ಯದ ಮುಂಚಿನ ದಿನ ಫ್ರೇಮ್ ಬಂತು. ಬಂದವರೆಲ್ಲ ನೋಡಿ, ಲಕ್ಷ್ಮಿ ಇದ್ದಂಗ ಅದಾಳ ಎಂದು ಕಣ್ಣೊರೆಸಿಕೊಂಡರು.

ನಾನು ನೋಡಿದೆ. ಕೆನ್ನೆ ಎರಡೂ ಹೊಸದಾಗಿ ಗಿಲಾವು ಮಾಡಿದ ಗೋಡೆಯ ಹಾಗೆ ಇದ್ದವು. ಗದ್ದದ ಅಂಚಿನದು ಇರಲಿಲ್ಲ. ಹುಬ್ಬಿನ ಮೇಲಿನ ಕಪ್ಪು ಕಲೆ ಇರಲಿಲ್ಲ. ಹೆಸರು ಬರೆದಿದ್ದರಿಂದ ಅವಳು ಎಂದು ತಿಳಿಯಬೇಕು.

"ಇದು ಆಕಿ ಮಾರಿ ಅಲ್ಲವ್ವ. ಬ್ಯಾರೇದು ಮಾಡಿಸೋಣು" ಅಂದೆ.

ಅವ್ವ ಹಾರಕ್ಕೆ ದಾರ ಕಟ್ಟುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಜೀವ ಇದ್ದಾಗ ಮಂದಿ ಆಡಿಕೆಂಡಿದ್ದು ಸಾಲ್ದೇನಪಾ? ಗ್ವಾಡಿ ಮ್ಯಾಲೂ ಆ ಕುಳಿ ನೋಡಿ ಮಾತಾಡಬೇಕೇನು? ಮೊಮ್ಮಗು ಅಂತೂ ಇಲ್ಲ, ಒಂದು ಚಂದ ಫೋಟೊನರ ಇರ್ಲಿ ಬಿಡು."

ಅದು ಸುಳ್ಳಲ್ಲ. ಮಂದಿ ಬಹಳ ಆಡಿಕೊಂಡಿದ್ದರು. ಆದರೆ ನನಗೂ ಅವಳಿಗೂ ಮಾತು ಶುರುವಾದದ್ದೇ ಇಂಥ ಒಂದು ಫೋಟೊದಿಂದ. ಹಾಗಾಗಿ ಇದನ್ನು ಸುಮ್ಮನೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಕೊರೋನಾ ಇಳಿದು ಎಲ್ಲರೂ ಇನ್ನೂ ಮಾಸ್ಕ್ ಹಾಕುತ್ತಿದ್ದ ಕಾಲ. ಅವಳ ಫೋಟೊ ನನ್ನ ಮೊಬೈಲಿಗೆ ಬಂದಿತ್ತು. ಬಿಳಿ ಮುಖ, ಒಂದು ಚುಕ್ಕೆಯಿಲ್ಲ. ಹೆಣ್ಣು ನೋಡಲು ಹಲವಾಗಲಿಗೆ ಹೋದೆವು, ಅದು ಅವಳ ತವರು. ಹೊಳೆ ದಂಡೆಯ ಊರು. ನಡುಮನೆಯಲ್ಲಿ ಕೂತಿದ್ದೆವು. ಅವಳು ಮಾಸ್ಕ್ ಹಾಕಿಕೊಂಡು ಚಹಾ ತಂದಳು. ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಹಿತ್ತಲಲ್ಲಿ ನೀರು ಎರಚಿಕೊಳ್ಳುವ ಸದ್ದು ಕೇಳಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಪೌಡರ್ ತೊಳೆದು, ಒದ್ದೆ ಮುಖದಲ್ಲೇ, ಮಾಸ್ಕ್ ಇಲ್ಲದೆ ಬಂದು ಬಾಗಿಲ ಬೆಳಕಿಗೆ ನಿಂತಳು.

"ಫೋಟೊದಾಗ ಇರೋದು ನಾನಲ್ರಿ. ಇದು ನನ್ನ ಮಾರಿ. ನೋಡಿಕೆಂಡು ಹೋಗ್ರಿ" ಅಂದಳು.

ಅವಳಪ್ಪ ನೆಲ ನೋಡುತ್ತಿದ್ದರು. ಕೆನ್ನೆ ತುಂಬಾ ಕೆಂಪು ಗುಳ್ಳೆ, ಅವುಗಳ ನಡುವೆ ವಾಸಿಯಾದ ಕುಳಿ. ನಾನು ಏನು ಹೇಳಬೇಕೋ ತಿಳಿಯದೆ, ಚಹಾ ಚಲೋ ಆಗೈತಿ ಅಂದೆ. ಅದನ್ನೇ ಅವಳು ಆಮೇಲೆ ಎಷ್ಟೋ ಸಲ ಆಡಿ ತೋರಿಸಿ ನಗುತ್ತಿದ್ದಳು.

ಅವಳಿಗೆ ಮೊಡವೆ ಶುರುವಾದದ್ದು ಹೈಸ್ಕೂಲಿನಲ್ಲಿ. ಆ ವಯಸ್ಸಿನಲ್ಲಿ ಎಲ್ಲರಿಗೂ ಬರುತ್ತವೆ, ಹೋಗುತ್ತವೆ. ಅವಳವು ಹೋಗಲಿಲ್ಲ. ಮನೆಯವರು ಜಾಜಿಕಾಯಿ ತೇಯ್ದು ಹಚ್ಚಿದರು, ಗಂಧ ಹಚ್ಚಿದರು, ಬೇವಿನ ಎಲೆ ಅರೆದು ಹಚ್ಚಿದರು. ಹುರಿಗಡಲೆ, ಶೇಂಗಾ ತಿನ್ನಬೇಡ, ಉಷ್ಣ ಅಂದರು. ಮದುವೆ ಆದ ಮೇಲೆ ತಾವೇ ಹೋಗುತ್ತವೆ ಎಂದು ಹೇಳದವರಿಲ್ಲ. ನಿಶ್ಚಯವಾದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿದ್ದ ಅವಳ ಚಿಕ್ಕಮ್ಮ ಒಂದು ಟ್ಯೂಬ್ ಕೊಟ್ಟರಂತೆ. ಯಾವ ಡಾಕ್ಟರೂ ಬರೆದದ್ದಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದದ್ದು. ಅವರ ಓಣಿಯ ಹೆಂಗಸರೆಲ್ಲ ಬೆಳ್ಳಗಾಗಲು ಅದನ್ನೇ ಹಚ್ಚುತ್ತಿದ್ದರಂತೆ. ಹಚ್ಚಿದ ಕೆಲವೇ ದಿನಕ್ಕೆ ಗುಳ್ಳೆ ಇಳಿದವು, ಮುಖ ಬೆಳ್ಳಗಾಯಿತು. ಚಿಕ್ಕಮ್ಮನ ಟ್ಯೂಬಿಗೆ ಎಲ್ಲರೂ ಕೈ ಮುಗಿದರು.

ಅರಿಶಿನದ ದಿನ ಮಾತ್ರ ಒಂದು ಸಂಗತಿ ನಡೆಯಿತು. ಅರಿಶಿನದಿಂದ ಮೊಡವೆಯ ಕಲೆ ಹೋಗುತ್ತದೆ ಎಂದು, ಬಂದ ಮುತ್ತೈದೆಯರೆಲ್ಲ ಅವಳ ಕೆನ್ನೆಗೇ ಹೆಚ್ಚು ಹಚ್ಚಿ, ಬಲವಾಗಿ ತಿಕ್ಕಿದರಂತೆ. ಟ್ಯೂಬ್ ಹಚ್ಚಿ ಹಚ್ಚಿ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಬೆಂಕಿ ಇಟ್ಟಂತೆ ಉರಿಯುತ್ತಿದ್ದರೂ ಮಣೆಯಿಂದ ಏಳುವಂತಿಲ್ಲ, ಅಳುವಂತಿಲ್ಲ. ಹಾಡು ಮುಗಿಯುವವರೆಗೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳಂತೆ. ಮರುದಿನದ ಮದುವೆ ಫೋಟೊಗಳಲ್ಲಿ ಅವಳ ಕಣ್ಣು ಹೆದರಿದಂತೆ ಕಾಣುವುದು ಅದಕ್ಕೇ ಎಂದು ನಾನು ತಿಳಿದಿದ್ದೇನೆ. ಮುಖಕ್ಕೆ ಗಟ್ಟಿ ಮೇಕಪ್ ಮಾಡಿದ್ದರು, ಅದರ ಮೇಲೆ ಸ್ಟುಡಿಯೋದವನೂ ತನ್ನ ಕೆಲಸ ಮಾಡಿದ್ದ.

ಮದುವೆಯಾಯಿತು, ಮೊಡವೆ ಹೋಗಲಿಲ್ಲ. ಟ್ಯೂಬ್ ಹಚ್ಚುವವರೆಗೆ ಮಾತ್ರ ಸುಮ್ಮನಿರುತ್ತಿದ್ದವು. ಎರಡು ದಿನ ಬಿಟ್ಟರೆ ಕೆನ್ನೆ ಕೆಂಪೇರಿ, ಬಿಸಿಲಿಗೆ ಉರಿದು, ಮೊದಲಿಗಿಂತ ದಪ್ಪನೆಯ ಗುಳ್ಳೆಗಳು ಏಳುತ್ತಿದ್ದವು. ಹೆದರಿ ಮತ್ತೆ ಹಚ್ಚುವಳು. ಹೊಸ ಮದುಮಕ್ಕಳ ಉಷ್ಣ ಎಂದು ಓಣಿಯ ಹೆಂಗಸರು ನನ್ನ ಮುಖ ನೋಡಿ ನಗುತ್ತಿದ್ದರು. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅವಳು ನೀರಿಗೆ ಹೋಗುವ ಹೊತ್ತನ್ನೇ ಬದಲಿಸಿದಳು.

ಕೆಟ್ಟದ್ದು ಅಂಗನವಾಡಿಯಲ್ಲಿ ಆಯಿತು. ಒಬ್ಬ ತಾಯಿ ತನ್ನ ಮಗುವನ್ನು ಕಳಿಸುವುದು ಬಿಟ್ಟಳು. ಕಾರಣ ಕೇಳಲು ಇವಳೇ ಮನೆಗೆ ಹೋದರೆ, ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಮಾರಿ ಮ್ಯಾಲಿಂದು ಅಂಟ್ತೈತೇನ್ರಿ ಟೀಚರ್? ಅದೇ ಕೈಲೆ ಹುಡುಗರಿಗೆ ಉಣ್ಣಾಕ ಹಾಕ್ತೀರಿ" ಅಂದಳಂತೆ. ಇವಳಿಗೂ ಖಾತ್ರಿಯಾಗಿ ಗೊತ್ತಿರಲಿಲ್ಲ. ಅಂಟುವುದಿಲ್ಲ ಎಂದು ಬಾಯಲ್ಲಿ ಹೇಳಿ ಬಂದಳು. ಮನೆಗೆ ಬಂದವಳು ನನ್ನ ಟವೆಲ್ ಬೇರೆ, ತನ್ನ ಟವೆಲ್ ಬೇರೆ ಮಾಡಿದಳು. ನಾನು ಮುಖದ ಹತ್ತಿರ ಹೋದರೆ ಸರಿದುಕೊಳ್ಳತೊಡಗಿದಳು. ಆ ವಾರವೇ ಹರಪನಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಮೆಡಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ದಾವಣಗೆರೆಯಿಂದ ಶುಕ್ರವಾರಕ್ಕೊಮ್ಮೆ ಬರುವ ಚರ್ಮದ ಡಾಕ್ಟರು ಕೂರುತ್ತಿದ್ದರು.

ಅವಳು ಕೇಳಿದ ಮೊದಲ ಪ್ರಶ್ನೆಯೇ ಅದು. ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ ಕೂಡಲೇ ಅವಳ ಹೆಗಲು ಇಳಿದದ್ದು ನನಗೆ ಪಕ್ಕದಲ್ಲಿ ಕಂಡಿತು. ಡಾಕ್ಟರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೂದಲಿನ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ಹರೆಯದಲ್ಲಿ ಮೈಯೊಳಗಿನ ಬದಲಾವಣೆಯಿಂದ ಎಣ್ಣೆ ಹೆಚ್ಚುತ್ತದೆ, ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಕ್ರಿಮಿ ಬೆಳೆದು ಬಾವು ಬರುತ್ತದೆ. ಬಾವು ಆಳಕ್ಕೆ ಹೋಗಿ ಒಳಗೇ ಒಡೆದರೆ ಅಲ್ಲಿಯ ಚರ್ಮ ಕುಸಿದು ಕುಳಿಯಾಗುತ್ತದೆ. ಕೊಳಕಿನಿಂದ ಬರುವುದಲ್ಲ, ಹೆಚ್ಚು ತೊಳೆದರೆ ಹೋಗುವುದೂ ಅಲ್ಲ. ಕೆಲವರಿಗೆ ಹರೆಯ ಮುಗಿದ ಮೇಲೂ ನಿಲ್ಲುವುದಿಲ್ಲ. ಚಿವುಟಿದಷ್ಟೂ ಕುಳಿ ಹೆಚ್ಚು. ಆಮೇಲೆ ಟ್ಯೂಬ್ ಕೇಳಿದರು. ಅವಳು ಬ್ಯಾಗಿನಿಂದ ತೆಗೆದು ಕೊಟ್ಟಳು. ಡಾಕ್ಟರು ಅದನ್ನು ಹಿಂದಕ್ಕೆ ಕೊಡದೆ ಮೇಜಿನ ಮೇಲೇ ಇಟ್ಟುಕೊಂಡರು.

"ಇದರಲ್ಲಿ ಸ್ಟೀರಾಯ್ಡ್ ಇದೆ ತಾಯಿ. ನಿಲ್ಲಿಸಿದರೆ ಕೆಲವು ವಾರ ಬಹಳ ಕೆಡುತ್ತೆ. ಆಗ ಹೆದರಿ ಮತ್ತೆ ಇದನ್ನ ಹಚ್ಚಿದರೆ ನನ್ನ ಹತ್ರ ಬಂದು ಉಪಯೋಗ ಇಲ್ಲ. ತಡ್ಕೊಳ್ತೀಯಾ?"

ತಡ್ಕೊಳ್ತೀನ್ರಿ ಅಂದಳು.

ಮುಂದೆ ಹೋಲಿಸಿ ನೋಡಲು ಫೋಟೊ ಬೇಕು ಎಂದು ಡಾಕ್ಟರು ತಮ್ಮ ಮೊಬೈಲ್ ತೆಗೆದರು. ಅವಳು ಗೋಡೆಗೆ ಒತ್ತಿಕೊಂಡಳು. ಬರಿ ಮುಖದ ಫೋಟೊ ಯಾರಿಗಾದರೂ ಸಿಕ್ಕರೆ, ಊರಿನವರು ನೋಡಿದರೆ ಎಂದು ಅವಳಿಗೆ ಭಯ. ನಾನು ಏನು ಹೇಳಿದರೂ ಒಪ್ಪಲಿಲ್ಲ. ಕೊನೆಗೆ, ಗುಳಿಗೆ ಹಾಕಿಕೊಡುವ ಕಾಗದದ ಕವರನ್ನು ಮಡಿಸಿ, ಕಣ್ಣಿಗೆ ಅಡ್ಡ ಹಿಡಿದುಕೊಂಡು, ಈಗ ತಗೀರಿ ಅಂದಳು. ಡಾಕ್ಟರು ನಕ್ಕು, ಹಾಗೇ ತೆಗೆದರು.

ಆಮೇಲಿನ ವಾರಗಳನ್ನು ನೆನೆಯಲು ಈಗಲೂ ಕಷ್ಟ. ಟ್ಯೂಬ್ ನಿಂತ ಮೇಲೆ ಮುಖ ಊದಿ, ಗುಳ್ಳೆಯ ಮೇಲೆ ಗುಳ್ಳೆ ಎದ್ದು, ದಿಂಬಿಗೆ ಕೆನ್ನೆ ಇಡಲಾಗದಂತಾಯಿತು. ಅವ್ವ ಗಾಬರಿಯಾಗಿ, ಆ ಡಾಕ್ಟ್ರು ಇದ್ದ ಮಾರಿನೂ ಕೆಡಿಸ್ಯಾನ ಅಂದಳು. ಚಿಕ್ಕಮ್ಮ ಹಗರಿಬೊಮ್ಮನಹಳ್ಳಿಯಿಂದ ಹೊಸ ಟ್ಯೂಬ್ ಕಳಿಸಿದರು. ಅದು ದೇವರ ಗೂಡಿನ ಪಕ್ಕ ಬಹಳ ದಿನ ಇತ್ತು. ಅವಳು ಹಾಯುವಾಗೆಲ್ಲ ಅದನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅದರ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ಅದನ್ನು ಪೂರ್ತಿ ಹಿಂಡಿ ಬಚ್ಚಲಿಗೆ ಹಾಕಿ, ಕೈ ತೊಳೆದುಕೊಂಡು, ಮಾಸ್ಕ್ ಹಾಕಿಕೊಂಡು ಅಂಗನವಾಡಿಗೆ ಹೋದಳು. ಮಕ್ಕಳು, ಟೀಚರ್ ಮಾಸ್ಕ್ ತೆಗೀರಿ ಅಂತ ಎಳೆಯುತ್ತಿದ್ದವಂತೆ. ಕೊರೋನಾ ಹೋಗಿ ಬಹಳ ಕಾಲವಾಗಿತ್ತು.

ಉರಿ ಇಳಿಯಿತು, ಗುಳ್ಳೆ ಪೂರ್ತಿ ಇಳಿಯಲಿಲ್ಲ. ರಾತ್ರಿ ಕಡಲೆಕಾಳಿನಷ್ಟು ಮುಲಾಮು, ಹಗಲು ಬಿಸಿಲಿನ ಕ್ರೀಮ್, ಕೆಲವು ತಿಂಗಳ ಗುಳಿಗೆ, ಎಲ್ಲ ಆಯಿತು. ಕೊನೆಗೆ ಡಾಕ್ಟರು ಬೇರೊಂದು ಗುಳಿಗೆಯ ಮಾತೆತ್ತಿದರು. ಅದು ರೋಗದ ಬೇರಿನ ಮೇಲೇ ಕೆಲಸ ಮಾಡುತ್ತದೆ, ಆದರೆ ಅದನ್ನು ತಿನ್ನುವಾಗ ಬಸುರಾಗಲೇಬಾರದು, ನಿಲ್ಲಿಸಿದ ಮೇಲೂ ಒಂದು ತಿಂಗಳು ಆಗಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಊನವಾಗುತ್ತದೆ ಎಂದರು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ತುಟಿ ಒಡೆಯುತ್ತದೆ, ಕಣ್ಣು ಒಣಗುತ್ತದೆ, ಮನಸ್ಸು ಬಹಳ ಕುಗ್ಗಿದರೆ ಕೂಡಲೇ ಬಂದು ಹೇಳಬೇಕು ಅಂದರು.

ಇದನ್ನು ಅವ್ವನಿಗೆ ಹೇಳಲಿಲ್ಲ. ಅವಳು ಹಬ್ಬಕ್ಕೊಮ್ಮೆ ವಿಶೇಷ ಏನರ ಐತೇನು ಎಂದು ಕೇಳುತ್ತಿದ್ದವಳು, ಆ ಕಾಲದಲ್ಲಿ ವಾರಕ್ಕೊಮ್ಮೆ ಕೇಳತೊಡಗಿದಳು. ನಾವು ಎಚ್ಚರದಿಂದಲೇ ಇದ್ದೆವು. ಆದರೂ ಒಂದು ತಿಂಗಳು ಅವಳ ಮುಟ್ಟು ತಡವಾಯಿತು. ಅವಳು ನನಗೆ ಬಾಯಿಬಿಟ್ಟು ಹೇಳಲಿಲ್ಲ. ಹೊಸ್ತಿಲಿಗೆ ಬಂದು ಕೂರುವುದನ್ನು ಬಿಟ್ಟು ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸತೊಡಗಿದಳು, ಅದರಿಂದ ನನಗೆ ತಿಳಿಯಿತು. ಆ ದಿನಗಳಲ್ಲಿ ಅಂಗಡಿಯಲ್ಲಿ ಕೂತು ಒಂದೇ ಮೋಟರನ್ನು ಸುತ್ತುವುದು, ಬಿಚ್ಚುವುದು ಮಾಡಿದೆ. ಹೂವಿನಹಡಗಲಿಯಲ್ಲಿ ಯಾರೂ ನಮ್ಮನ್ನು ಗುರುತಿಸುವುದಿಲ್ಲ ಎಂದು ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿಸಿದೆವು. ಲ್ಯಾಬಿನ ಹೆಣ್ಣುಮಗಳು ಕಾಗದ ಕೊಟ್ಟು, ಇಲ್ರೀ ಅಕ್ಕಾ, ಬೇಜಾರಾಗಬ್ಯಾಡ್ರಿ, ಮುಂದಿನ ಸಲ ಆಗ್ತೈತಿ ಎಂದು ಸಮಾಧಾನ ಮಾಡಿದಳು. ನನ್ನ ಹೆಂಡತಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಲ್ಯಾಬಿನವಳು ಅದನ್ನು ಬೇರೆಯಾಗಿ ತಿಳಿದಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕೊಡಿಸಿದೆ. ಮುಡಿದುಕೊಂಡು, ಸಾಕಾಗಿ, ನನ್ನ ಭುಜದ ಮೇಲೆ ಮಲಗಿಕೊಂಡು ಬಂದಳು.

ಗುಳಿಗೆಯ ಗಡುವು ಮುಗಿಯುವ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಮಗುವನ್ನು ಕಳಿಸುವುದು ಬಿಟ್ಟಿದ್ದ ತಾಯಿ ತಾನೇ ಅದನ್ನು ಅಂಗನವಾಡಿಗೆ ಕರೆತಂದು ಬಿಟ್ಟಳು. ಕುಳಿಗಳ ಬಗ್ಗೆ ಡಾಕ್ಟರು ಮೊದಲೇ ಹೇಳಿದ್ದರು: ಹಚ್ಚುವ ಯಾವ ಔಷಧಿಯೂ ಅವನ್ನು ತುಂಬಲಾರದು. ಕೆಲವು ಕಾಲ ಬಿಟ್ಟು, ಸೂಜಿಯಿಂದಲೋ ಲೇಸರಿನಿಂದಲೋ ಚರ್ಮವನ್ನು ಎಬ್ಬಿಸಬಹುದು, ಹಲವು ಸಲ ಬರಬೇಕು, ಕಡಿಮೆಯಾಗುತ್ತವೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಅವಳು ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದು, ಊರು ಹತ್ತಿರವಾದಾಗ ಹೇಳಿದಳು.

"ಬ್ಯಾನಿ ಹೋತು, ಅಷ್ಟು ಸಾಕ್ರಿ. ಇವು ಇರ್ಲಿ. ಇವು ಏನೂ ಅನ್ನಂಗಿಲ್ಲ ನನಗ."

ಆ ವಾರದಿಂದ ಮಾಸ್ಕ್ ಹಾಕಲಿಲ್ಲ. ಅಂದರೆ ಆ ಮುಖವನ್ನು ಮುಚ್ಚದೆ ಊರಿನಲ್ಲಿ ನಡೆದಾಡಿದ್ದು ಸ್ವಲ್ಪವೇ ಕಾಲ.

ಅದಕ್ಕೇ ಕಾರ್ಯ ಮುಗಿದ ಮೇಲೆ ನಾನು ಫೋಟೊ ಹುಡುಕಲು ಶುರು ಮಾಡಿದೆ. ಒಂದು ಫೋಟೊ ಸಾಕಿತ್ತು. ಮೊದಲು ಅವಳ ಮೊಬೈಲ್ ನೋಡಿದೆ. ಸಾವಿರಾರು ಮುಖಗಳಿದ್ದವು. ಅಂಗನವಾಡಿ ಮಕ್ಕಳು, ಆಹಾರದ ಪೊಟ್ಟಣ ಹಿಡಿದ ಬಾಣಂತಿಯರು, ತೂಕದ ತಕ್ಕಡಿಯಲ್ಲಿ ಅಳುವ ಕೂಸು. ಎಲ್ಲವನ್ನೂ ತೆಗೆದವಳು ಅವಳು, ಅವಳು ಮಾತ್ರ ಯಾವುದರಲ್ಲೂ ಇಲ್ಲ. ಒಂದು ಗುಂಪಿನ ಫೋಟೊದಲ್ಲಿ ನೆರಳು ಇತ್ತು, ಮೊಬೈಲ್ ಎತ್ತಿ ಹಿಡಿದ ಎರಡು ಕೈಗಳ ನೆರಳು. ನಾವಿಬ್ಬರೂ ಇದ್ದ ಕೆಲವು ಫೋಟೊಗಳಿದ್ದವು. ಆ ಮೊಬೈಲಿನ ಕ್ಯಾಮೆರಾ ಯಾರ ಮುಖ ಕಂಡರೂ ತಾನೇ ನುಣುಪು ಮಾಡುತ್ತಿತ್ತು. ಅಂಗಡಿಯಲ್ಲಿ ಕಿಡಿ ಸಿಡಿದು ನನ್ನ ಮುಖದ ಮೇಲಾದ ಸುಟ್ಟ ಗಾಯದ ಗುರುತೂ ಅವುಗಳಲ್ಲಿ ಇಲ್ಲ. ಆಧಾರ್ ಕಾರ್ಡಿನ ಫೋಟೊ ಎಲ್ಲರದೂ ಇರುವಂತೆಯೇ ಕಪ್ಪಗೆ ಮಸುಕಾಗಿತ್ತು. ಅವಳ ಜೊತೆ ಕೆಲಸ ಮಾಡಿದವರನ್ನು ಕೇಳಿದೆ. ಇದ್ದದ್ದೆಲ್ಲ ಮಾಸ್ಕಿನದು.

ಸ್ಟುಡಿಯೋಗೆ ಹೋದೆ. ಮದುವೆ ಫೋಟೊ ತೆಗೆದವನು ಅವನೇ. ತಿದ್ದದ ಮೂಲ ಫೋಟೊ ಇದೆಯೇ ಎಂದು ಕೇಳಿದೆ. ಆಲ್ಬಮ್ ಕೊಟ್ಟ ಮೇಲೆ ಅಳಿಸುತ್ತೇವೆ ಅಂದ. ಇದ್ದರೂ ಆ ಮೇಕಪ್ಪಿನ ಕೆಳಗೆ ಏನು ಕಾಣುತ್ತಿತ್ತು?

ಉಳಿದದ್ದು ಡಾಕ್ಟರ ಮೊಬೈಲ್. ಶುಕ್ರವಾರ ಹರಪನಹಳ್ಳಿಗೆ ಹೋದೆ. ಡಾಕ್ಟರು ಆ ವಾರ ಬಂದಿರಲಿಲ್ಲ. ಮೆಡಿಕಲ್ ಅಂಗಡಿಯವನು, ಸಾಹೇಬ್ರು ಹೊಸ ಫೋನ್ ತಗಂಡಾರ, ಹಳೇವು ಅದಾವೋ ಇಲ್ಲೋ ಅಂದ. ಆ ಒಂದು ವಾರ ನನಗೆ ಊಟ ಸೇರಲಿಲ್ಲ. ಮುಂದಿನ ಶುಕ್ರವಾರ ಮೊದಲ ಬಸ್ಸಿಗೇ ಹೋಗಿ, ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ನನ್ನ ಪಕ್ಕದಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡ ಕಾಲೇಜು ಹುಡುಗಿ, ಅವಳ ತಾಯಿ ಇದ್ದರು. ಬರೇ ಚಿವುಟತಾಳ್ರಿ ಎಂದು ತಾಯಿ ಯಾರಿಗೋ ಹೇಳುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು.

ನನ್ನ ಸರದಿ ಬಂದಾಗ ಡಾಕ್ಟರು ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು. ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ರೋಗಿಯ ಫೋಟೊ ಬೇರೆಯವರಿಗೆ ಕೊಡುವಂತಿಲ್ಲ ಎಂದು ಶುರು ಮಾಡಿ, ಮಾತು ಅರ್ಧಕ್ಕೇ ಬಿಟ್ಟು, ಮೊಬೈಲ್ ತೆಗೆದರು. ಹಳೆಯವು ಹೊಸ ಫೋನಿಗೆ ಬಂದಿದ್ದವು. ಅವರು ಬೆರಳಿನಿಂದ ಸರಿಸುತ್ತಾ ಹೋದರು, ನಾನು ತಲೆಕೆಳಗಾಗಿ ನೋಡುತ್ತಿದ್ದೆ. ಬರೀ ಕೆನ್ನೆ, ಹಣೆ, ಗದ್ದ, ಬೆನ್ನು. ಯಾರು ಯಾರವೋ.

"ಅದು ಸಾರ್" ಅಂದೆ. ಅವರಿಗಿಂತ ಮೊದಲು ನನಗೆ ಗುರುತು ಸಿಕ್ಕಿತ್ತು.

ಎಡಗೆನ್ನೆ ಒಂದು, ಬಲಗೆನ್ನೆ ಒಂದು. ಎದುರಿನಿಂದ ತೆಗೆದದ್ದು ಒಂದು. ಕೆಂಪಗೆ ಊದಿದ್ದ ಮುಖದಲ್ಲೂ ಕಿವಿಯ ಕಡೆಗಿನ ಕುಳಿಗಳು ಸ್ಪಷ್ಟವಾಗಿದ್ದವು. ಗದ್ದದ ಉದ್ದನೆಯದು ಇತ್ತು. ಮೂಗು, ಬಿಗಿಹಿಡಿದ ತುಟಿ. ಅದರ ಮೇಲೆ ಮಡಿಸಿದ ಕಾಗದದ ಕವರು, ಅದನ್ನು ಹಿಡಿದ ಬೆರಳುಗಳು, ಮಣಿಕಟ್ಟಿನಲ್ಲಿ ಹಸಿರು ಬಳೆ. ಇದನ್ನು ಬಿಟ್ಟು ಬೇರೆ ಇಲ್ಲವೇ ಎಂದು ಕೇಳಿದೆ. ನಡುವೆ ಬಂದಾಗಲೆಲ್ಲ ಅವಳು ಬೇಡ ಎಂದದ್ದು ನನಗೇ ಗೊತ್ತಿತ್ತು. ಆದರೂ ಕೇಳಿದೆ.

"ಕೊನೇದು ತೆಗೆಯೋದಿತ್ತಲ್ಲಪ್ಪ" ಅಂದರು ಡಾಕ್ಟರು.

ಅವರು ಕಳಿಸಿಕೊಟ್ಟದ್ದನ್ನು ಸ್ಟುಡಿಯೋದವನಿಗೆ ತೋರಿಸಿದೆ. ಅವನು ನನಗಿಂತ ಚಿಕ್ಕವನು, ಒಳ್ಳೆಯವನು. "ಕೆನ್ನಿ ಇದರಾಗಿಂದು, ಕಣ್ಣು ಮದುವಿ ಫೋಟೊದಾಗಿಂದು, ಕೂಡಿಸಿ ಕೊಡ್ತೀನಿ ಅಣ್ಣಾ. ಈಗ ಏನು ಬೇಕಾದ್ರೂ ಆಗ್ತೈತಿ" ಎಂದು ಅಲ್ಲೇ ಕಂಪ್ಯೂಟರಿನಲ್ಲಿ ಮಾಡಿದ. ಗೆರೆ ಕಾಣದಂತೆ ಸೇರಿಸಿದ. ಅರಿಶಿನದ ಮರುದಿನದ ಹೆದರಿದ ಕಣ್ಣು, ಟ್ಯೂಬ್ ಕೆಡಿಸಿದ ಕೆನ್ನೆ. ಅವಳ ಎರಡು ಕೆಟ್ಟ ದಿನಗಳನ್ನು ಹೊಲಿದ ಹಾಗಿತ್ತು. ಹೊಸ್ತಿಲ ಮೇಲೆ ಕೂತು ನಗುತ್ತಿದ್ದವಳು ಅಲ್ಲಿ ಇರಲಿಲ್ಲ. ಅಳಿಸಿಬಿಡಪಾ ಅಂದೆ. ಅವನು ನನ್ನ ಮುಖ ನೋಡಿ ಅಳಿಸಿದ.

ಗೋಡೆಯ ಮೇಲೆ ಅವ್ವ ಮಾಡಿಸಿದ್ದೇ ಇದೆ. ನಾನು ತೆಗೆಯಲು ಹೋಗಲಿಲ್ಲ. ಮೊನ್ನೆ ಬೆಳಿಗ್ಗೆ ಅವ್ವ ಸ್ಟೂಲ್ ಹಾಕಿಕೊಂಡು ಅದರ ಗಾಜಿನ ಧೂಳು ತೆಗೆಯುತ್ತಿದ್ದಳು. ನನ್ನ ಹೆಂಡತಿ ಮುಖ ಒತ್ತಿಕೊಳ್ಳುತ್ತಿದ್ದ ಧೋತರದ ತುಂಡನ್ನೇ ಹಿಡಿದಿದ್ದಳು. ಒರೆಸುತ್ತಾ ಒರೆಸುತ್ತಾ ಕೈ ನಿಲ್ಲಿಸಿದಳು.

"ಗದ್ದದ ಹತ್ರ ಒಂದು ಉದ್ದಂದು ಇತ್ತಲ್ಲಪಾ" ಅಂದಳು. "ಈ ಕಡಿಗೋ, ಆ ಕಡಿಗೋ?"

"ಎಡಕ್ಕವ್ವ."

ಅವ್ವ ಗಾಜಿನ ಮೇಲೆ ಆ ಜಾಗಕ್ಕೆ ಬೆರಳು ಇಟ್ಟು ನೋಡಿ, ಇಳಿದು ಒಳಗೆ ಹೋದಳು. ನಾನು ಡಾಕ್ಟರು ಕಳಿಸಿದ್ದನ್ನು ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಕೈ ಸರಿಸಿದ್ರ ಚಲೋ ಇತ್ತು ಅಂದಳು.

ಗೋಡೆಯ ಮೇಲೆ ಅವಳ ಕಣ್ಣುಗಳಿವೆ. ನನ್ನ ಮೊಬೈಲಿನಲ್ಲಿ ಅವಳ ಕೆನ್ನೆ ಇದೆ. ಕಣ್ಣು ಮುಚ್ಚದೆ, ಪೂರಾ ಮುಖ ತೋರಿಸಿ ಆ ಶುಕ್ರವಾರ ಅವಳು ತೆಗೆಸಬೇಕೆಂದಿದ್ದ ಫೋಟೊ ಇಲ್ಲ.